ತೂಬಿಗಿಳಿದ ಈಜುರೆಕ್ಕೆ

ನೀರೊಳಗಿನ ರೋಬೋಗಳಿಗೆ ಫ್ಯಾನಿನ ಬದಲು ಜಲಚರಗಳಂತೆ ಈಜುರೆಕ್ಕೆ ಕಟ್ಟುವ ವಿದ್ಯೆಯನ್ನು ರಾಮನಗರದ ತರಗತಿಗೆ ತಂದು, ಮೂವತ್ತೊಂದು ವರ್ಷಗಳ ಬೋಧನೆಯ ಬಳಿಕ ಇದೀಗ ನಿವೃತ್ತರಾಗುತ್ತಿರುವ ಡಾ. ನೂರ್‌ಜಹಾನ್ ಅವರಿಗೆ ಸ್ವತಃ ಈಜು ಬಾರದು. ಇದನ್ನು ನೆನೆದರೆ ಅವರ ಶಿಷ್ಯೆ ಸಿಂಧುವಿಗೆ ಇಂದಿಗೂ ನಗು ಬರುತ್ತದೆ.

ಓದುವ ದಿನಗಳಲ್ಲಿ ಆಕೆ ನಕ್ಕದ್ದು ಕಡಿಮೆ. ಅಕ್ಕೂರಿನ ಅವಳ ತಂದೆ ಚಿಕ್ಕರಾಜು, ಕೆರೆಯ ನೀರು ಹೊರಬಿಡುವ ತೂಬು ಕಟ್ಟಿಕೊಂಡಾಗಲೆಲ್ಲ ಉಸಿರು ಬಿಗಿಹಿಡಿದು ಮುಳುಗಿ ಬಿಡಿಸುತ್ತಿದ್ದವರು. ಅವರು ಮೇಲೆ ಬರುವವರೆಗೆ ತಾಯಿ ಲಕ್ಷ್ಮಿದೇವಮ್ಮನಿಗೂ ಮಗಳಿಗೂ ಜೀವದಲ್ಲಿ ಜೀವವಿರುತ್ತಿರಲಿಲ್ಲ. ಅಪ್ಪನ ಬದಲು ಇಳಿಯಲೆಂದೇ ಅವಳು ಕಟ್ಟಿದ ರೋಬೋ, ಫ್ಯಾನಿಗೆ ಅಂತರಗಂಗೆ ಕಳೆಯ ಬೇರು ಸುತ್ತಿಕೊಂಡು ನಿಂತುಬಿಟ್ಟಿತು. ಅಗಲ ರೆಕ್ಕೆಗಳನ್ನು ಸೆರಗಿನಂತೆ ಅಲೆಯಾಡಿಸುತ್ತ ಸಾಗುವ ಕಡಲಿನ ತೊರಕೆ ಮೀನನ್ನು ಗುರುಗಳು ತೋರಿಸಿದರು. ಸಿಂಧು ರಬ್ಬರಿಗೆ ಕಬ್ಬಿಣದ ತಂತಿ ಹೊಲಿದು ರೆಕ್ಕೆ ಮಾಡಿದಳು. ಅದು ಬಾಗಲೊಲ್ಲದೆ ಯಂತ್ರ ತೊಟ್ಟಿಯಲ್ಲಿ ಗಾಣದೆತ್ತಿನಂತೆ ಸುತ್ತಿತು.

ಬೈಯುವ ಬದಲು ಮೇಡಂ ಒಂದು ಭಾನುವಾರ ಬಸ್ಸು ಹತ್ತಿ ಅಕ್ಕೂರಿಗೇ ಬಂದರು. ಕಾಫಿ ಕುಡಿಯುತ್ತಿದ್ದಂತೆ ಅವರ ಕಣ್ಣು, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬಿತ್ತು. ಒಂದು ಸೀಳು ಎಳೆದು ಬಗ್ಗಿಸಿ, "ಬುಡ ದಪ್ಪ ಇರ್ಲಿ, ತುದಿ ತೆಳ್ಳಗೆ ಹೆರಿ ಸಿಂಧು," ಎಂದರು.

"ಹಳೇದೈತೆ, ಪೂರ್ತಿ ತಗಂಡೋಗಿ ಮೇಡಮ್ಮೋರೆ," ಎಂದರು ಲಕ್ಷ್ಮಿದೇವಮ್ಮ. "ಇವ್ರು ನೀರಿಗೆ ಬೀಳ್ದೆ ಇದ್ರೆ ಸಾಕು."

ಮುಂದಿನ ತಿಂಗಳೇ ತೂಬು ಅರ್ಧ ತೆರೆದು ಸಿಕ್ಕಿಕೊಂಡಿತು. ಸುದ್ದಿ ತಿಳಿದು ಸಿಂಧುವಿನೊಡನೆ ರೋಬೋ ಹೊತ್ತು ಬಂದ ಮೇಡಂ, ಅಂಗಿ ಬಿಚ್ಚಿ ನಿಂತಿದ್ದ ಚಿಕ್ಕರಾಜುವಿಗೆ ಅಡ್ಡ ನಿಂತರು.

"ಆಟದ ಸಾಮಾನು ನಂಬ್ಕಂಡು ಕುಂತ್ರೆ ಕೆರೆ ನೀರೆಲ್ಲ ಹೊಂಟೋಯ್ತದೆ!"

"ಹತ್ತೇ ನಿಮಿಷ ಕೊಡಿ ಚಿಕ್ಕರಾಜಣ್ಣ."

ಬಿದಿರು ಸೀಳಿನ ರೆಕ್ಕೆಗಳನ್ನು ಅಲೆಯಾಡಿಸುತ್ತ ರೋಬೋ ಬೇರುಗಳ ನಡುವೆ ನುಸುಳಿ ಇಳಿಯಿತು. ಅದರ ಕ್ಯಾಮೆರಾದಿಂದ ದಡದಲ್ಲಿದ್ದ ಪರದೆಯಲ್ಲಿ ತೂಬಿನ ಬಾಯಿ ಕಂಡಿತು. ಹರಿದ ನೈಲಾನ್ ಬಲೆಯೊಂದು ಅಲ್ಲಿ ಸಿಕ್ಕಿ, ನೀರಿನ ಸೆಳೆತಕ್ಕೆ ಒಳಮುಖವಾಗಿ ಜಗ್ಗುತ್ತಿತ್ತು. ಕೈ ಹಾಕಿದವರನ್ನು ಅದು ಬಿಡುವಂತಿರಲಿಲ್ಲ. ಕೆರೆ ಏರಿಯಿಂದಲೇ ಕೊಕ್ಕೆ ಇಳಿಸಿ ಬಲೆಯನ್ನು ಎಳೆದು ತೆಗೆದರು. ತೂಬು ಮುಚ್ಚಿತು. ಸಿಂಧು ಏರಿಯ ಮೇಲೆ ಕುಳಿತು ಅತ್ತಳು, ಮೇಡಂ ಕೂಡ ಕಣ್ಣೊರೆಸಿಕೊಂಡರು.

ಬಲೆಯನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದ ಚಿಕ್ಕರಾಜು ಅಂಗಿ ಒದರಿ ತೊಟ್ಟುಕೊಂಡು ಹೆಂಡತಿಗೆ, "ನಡಿಯಮ್ಮಿ ಮನೆಗೆ. ಇನ್ಮೇಲೆ ನಾನು ಇಳಿಯಾಕಿಲ್ಲ," ಎಂದರು.

ಕನಕಪುರ, ಮಾಗಡಿಯ ಕಡೆ ಇಂದಿಗೂ ಉಸಿರು ಬಿಗಿಹಿಡಿದು ಮುಳುಗುವವರಿದ್ದಾರೆ, ದಡದಲ್ಲಿ ಕಾದು ನಿಂತ ಹೆಂಡತಿ ಮಕ್ಕಳಿದ್ದಾರೆ. ಅವರೆಲ್ಲರ ಪರವಾಗಿ ಸಿಂಧು ಕೇಳಿಕೊಳ್ಳುವುದಿಷ್ಟೆ: ಮೇಡಂ ಆರೋಗ್ಯದಿಂದ ನೂರು ವರ್ಷ ಬಾಳಲಿ; ನಿವೃತ್ತಿ ಹಾಜರಿ ಪುಸ್ತಕಕ್ಕಿರಲಿ, ಕೆಲಸಕ್ಕೆ ಬೇಡ.