ಪಾಸಿಘಾಟಿನಿಂದ ಮೂರೂವರೆ ಗಂಟೆ

ಇದು ನಡೆದದ್ದು. ನಂಬದವರು ನಮ್ಮೂರು ಜಡೆಗೆ ಬಂದು ನನ್ನ ಹೆಂಡತಿಯನ್ನು ಕೇಳಬಹುದು. ನಾನು ಮಾತ್ರ ಆಣೆ ಹಾಕುವುದಿಲ್ಲ. ಆಣೆಯಿಂದಲೇ ನಮ್ಮ ಮನೆ ಕೆಟ್ಟಿತು.

ನಾಲ್ಕು ವರ್ಷದ ಹಿಂದೆ ಜಮೀನಿನಲ್ಲಿ ನನ್ನ ಪಾಲು ಕೇಳಿದ್ದಕ್ಕೆ ಅಪ್ಪ, "ದೇವರಾಣೆ, ಸಾಯೋವಾಗ್ಲೂ ನಿನ್ನ ಕೈನೀರು ಮುಟ್ಟಲ್ಲ" ಎಂದಿದ್ದರು. ಹಾಗೇ ನಡೆದುಕೊಂಡರು. ಹಾಸಿಗೆ ಹಿಡಿದ ಮೇಲೆ ಮೈ ಒರೆಸಲು, ಎತ್ತಿ ಕೂರಿಸಲು ನಾನು ಬೇಕು. ನೀರು ಮಾತ್ರ ನನ್ನ ಹೆಂಡತಿಯೇ ಕೊಡಬೇಕು. ಮುದುಕನ ಹಠ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ಸೊರಬದ ಡಾಕ್ಟರು ಕೈಚೆಲ್ಲಿದರು. ಅಣ್ಣ ಮಿಲಿಟರಿಯಲ್ಲಿ, ದೂರದ ಅರುಣಾಚಲದಲ್ಲಿದ್ದ. ಸುದ್ದಿ ತಿಳಿದು ಹೊರಟವನು ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ, "ಪಾಸಿಘಾಟ್ ಏರ್‌ಪೋರ್ಟಿಗೆ ಬಂದೆ ಕಣೋ" ಎಂದ. ಮೊಬೈಲಿನಲ್ಲಿ ಪಾಸಿಘಾಟ್, ಶಿವಮೊಗ್ಗ ಎಂದು ಒತ್ತಿದೆ. ಎರಡೂವರೆ ಸಾವಿರ ಕಿಲೋಮೀಟರ್, ಹಾರಾಟದ ಸಮಯ ಮೂರೂವರೆ ಗಂಟೆ ಎಂದು ತೋರಿಸಿತು. ಅಲ್ಲಿಂದ ಶಿಕಾರಿಪುರದ ಮೇಲೆ ಕಾರಿನಲ್ಲಿ ಎರಡು ಗಂಟೆ.

"ಎಂಟೂವರೆಗೆ ಅಣ್ಣ ಬರ್ತಾನೆ ಅಪ್ಪ" ಎಂದುಬಿಟ್ಟೆ.

ಅಲ್ಲಿಂದಾಚೆ ಅಪ್ಪ ಸೊಸೆ ತಂದ ನೀರನ್ನೂ ತಳ್ಳಿದರು. "ದೊಡ್ಡೋನೇ ಬಿಡ್ಲಿ." ಕೊನೆಯ ನೀರು ಹಿರಿಮಗನ ಕೈಯಿಂದ ಆಗಬೇಕು ಎನ್ನುವುದು ನಮ್ಮಲ್ಲಿ ರೂಢಿ.

ಐದಕ್ಕೆ ಅಣ್ಣ ಮತ್ತೆ ಫೋನ್ ಮಾಡಿದ. ನೇರ ವಿಮಾನವೇ ಇಲ್ಲವಂತೆ. ಎರಡು ಕಡೆ ಇಳಿದು ಹತ್ತಬೇಕು, ಅವತ್ತಿನದು ಹೊರಟೇ ಹೋಗಿತ್ತು. ಮೊಬೈಲಿನ ಲೆಕ್ಕ ಗುಡವಿ ಕೆರೆಗೆ ಬರುವ ಹಕ್ಕಿಗಳಿಗಾದರೆ ಸರಿ, ಮನುಷ್ಯರಿಗಲ್ಲ.

"ಮಾವಂಗೆ ಹೇಳ್ಬಿಡ್ರೀ... ತುಟಿ ಒಡ್ದು ರಕ್ತ ಬರ್ತಾ ಇದೆ" ಎಂದು ಹೆಂಡತಿ ಪಿಸುಗುಟ್ಟಿದಳು.

ನಾನು ಹೇಳಲಿಲ್ಲ. ಕಾಯಲಿ, ಅಂದುಕೊಂಡೆ. ಗಂಟಲು ಒಣಗಿದ ಮೇಲಾದರೂ ನನ್ನ ಕೈಯನ್ನೇ ನೋಡುತ್ತಾರೆ ಎಂದು ತುಂಬಿದ ಲೋಟ ಹಿಡಿದು ಪಕ್ಕದಲ್ಲೇ ಕೂತೆ. ಹೌದು, ನಾನು ಅಂಥವನೇ.

ಏಳಾಯಿತು... ಎಂಟಾಯಿತು... ಒಣಗಿದ ನಾಲಗೆ ಅಂಗುಳಕ್ಕೆ ಅಂಟಿ ಬಿಡುವ ಚಟ್ ಚಟ್ ಸದ್ದು. ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲೆ.

"ಒಂದೇ ಗುಟುಕು ಅಪ್ಪ, ನನ್ನ ಕೈಯಿಂದ..." ಎಂದು ಬೇಡಿದೆ. ಮುಖ ತಿರುಗಿಸಿದರು.

ಸರಿಯಾಗಿ ಎಂಟೂವರೆ. ಹೊರಗೆ ಬೂಟಿನ ಸದ್ದು... ಟಕ್... ಟಕ್... ನಾಯಿ ಬೊಗಳಲಿಲ್ಲ. ಪಾಲಿಶ್ ವಾಸನೆ ಮೂಗಿಗೆ ಬಡಿಯಿತು. ದೀಪ ಉರಿಯುತ್ತಲೇ ಇತ್ತು, ಬಾಗಿಲಲ್ಲಿ ಯಾರೂ ಇರಲಿಲ್ಲ.

ನನ್ನ ಕೈಯಲ್ಲಿದ್ದ ಲೋಟ ಹಗುರಾಯಿತು. ಬಗ್ಗಿ ನೋಡಿದರೆ ತಳ ಕಾಣುತ್ತಿತ್ತು.

ಅಪ್ಪನ ಗಂಟಲು ಗುಟುಕ್ ಗುಟುಕ್ ಎನ್ನುತ್ತಿತ್ತು. ಗಡ್ಡದಿಂದ ನೀರು ಇಳಿಯುತ್ತಿತ್ತು.

"ಬಂದ್ಯಾ ಮಗಾ..." ಎಂದರು, ನನ್ನ ಹೆಗಲಾಚೆ ನೋಡುತ್ತ. "ಇವನ ಕೈಲಿ ಕುಡೀಬಾರ್ದು ಅಂತ ಜೀವ ಹಿಡ್ಕಂಡಿದ್ದೆ."

ಅಷ್ಟೇ. ಹೋದರು.

"ಬೂಟಿನ ಸದ್ದು ನಂಗೂ ಕೇಳ್ತು ಕಣ್ರೀ" ಎಂದಳು ಹೆಂಡತಿ, ಅಡುಗೆಮನೆ ಬಾಗಿಲಲ್ಲಿ ನಿಂತು.

ಮೂರನೇ ದಿನ ಅಣ್ಣ ಬಂದ. ಅಪ್ಪ ಹೋದ ಹೊತ್ತಿನಲ್ಲಿ ಅವನು ಪಾಸಿಘಾಟಿನ ಲಾಡ್ಜೊಂದರಲ್ಲಿ ಬೂಟು ಕೂಡ ಬಿಚ್ಚದೆ ಬಿದ್ದುಕೊಂಡಿದ್ದನಂತೆ.

"ಕೊನೇ ನೀರು ಯಾರು ಬಿಟ್ರೋ?" ಎಂದು ಕೇಳಿದ.

"ನಾನೇ" ಎಂದೆ.

"ನಿನ್ನ ಕೈಲಿ ಕುಡುದ್ರಾ! ಹಂಗಾರೆ ಕ್ಷಮಿಸಿದ್ರು ಬಿಡು" ಎಂದು ತಬ್ಬಿಕೊಂಡು ಅತ್ತ.

ಇವತ್ತಿಗೂ ಅವನಿಗೆ ನಿಜ ಹೇಳಿಲ್ಲ. ಆ ರಾತ್ರಿ ಬಂದದ್ದು ಯಾರೋ, ಎಂಥದೋ... ನನಗೆ ಗೊತ್ತಿಲ್ಲ. ಅಪ್ಪ ಕುಡಿದದ್ದು ನನ್ನ ಕೈಯಿಂದಲ್ಲ, ಅಷ್ಟು ಗೊತ್ತು.