ಹಿಟ್ಟಿಗೆ ರಾತ್ರಿ ಜಾಗವಿಲ್ಲ

ದೋಸೆ ಹಿಟ್ಟು ರಾತ್ರಿಯೆಲ್ಲ ಬೆಚ್ಚಗಿರಬೇಕು. ಇಷ್ಟು ಸರಳವಾದ ಮಾತನ್ನು ಐರ್ಲೆಂಡಿನಲ್ಲಿ ಕೌನ್ಸಿಲ್ ಎನ್ನುವ ನಗರಸಭೆಯ ಒಬ್ಬ ಅಧಿಕಾರಿಗೆ ಅರ್ಥ ಮಾಡಿಸಲು ನಾನು ಪಟ್ಟ ಪಾಡು ಯಾರಿಗೂ ಬೇಡ.

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹೋದ ಮೇಲೆ ನಾನು ಇನ್ನೊಂದು ಆಫೀಸಿನ ಬಾಗಿಲು ತಟ್ಟಲಿಲ್ಲ. ಹಳೆಯ ವ್ಯಾನೊಂದನ್ನು ಕೊಂಡು ಅದರಲ್ಲಿ ಕಾವಲಿ ಕೂರಿಸಿದೆ. ಮೈಸೂರಿನ ನಮ್ಮ ಬೀದಿಯ ಹೋಟೆಲಿನಂಥ ಸೆಟ್ ದೋಸೆಯನ್ನು ಈ ಊರಿನವರಿಗೆ ತಿನ್ನಿಸಬೇಕು, ಅದೊಂದೇ ಹಠ. ಟೈರ್ ಅಂಗಡಿಯೊಂದರ ಹಿಂದಿನ ಅಂಗಳದಲ್ಲಿ ನಾಲ್ಕೈದು ಫುಡ್ ಟ್ರಕ್‌ಗಳು ನಿಲ್ಲುತ್ತಿದ್ದವು, ನಾನೂ ಸೇರಿಕೊಂಡೆ. ಸಂಜೆ ವ್ಯಾನಿನಲ್ಲೇ ಹಿಟ್ಟು ರುಬ್ಬಿ, ಅಂಗಳದ ಕರೆಂಟಿಗೆ ಪುಟ್ಟ ಹೀಟರ್ ಸಿಕ್ಕಿಸಿ ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆಗೆದರೆ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುತ್ತಿತ್ತು. ಅದನ್ನು ನೋಡಲೆಂದೇ ನಾನು ಓಡೋಡಿ ಬರುತ್ತಿದ್ದೆ.

ಆಮೇಲೆ ಯಾರೋ ಕೌನ್ಸಿಲ್‌ಗೆ ದೂರು ಕೊಟ್ಟರು. ಆ ಅಂಗಳ ವರ್ಕ್‌ಶಾಪು, ಗೋದಾಮುಗಳಿಗೆ ಮೀಸಲಾದ ಜಾಗವಂತೆ, ಊಟ ಮಾರುವುದಕ್ಕಲ್ಲವಂತೆ. ಅಂಗಳದ ಮಾಲೀಕ ನಕ್ಷೆ ಬರೆಸಿ, ದೋಸೆಯ ಹೆಸರಿದ್ದ ಗೇಟಿನ ಬೋರ್ಡನ್ನೂ ಸೇರಿಸಿ, ತಾತ್ಕಾಲಿಕ ಅನುಮತಿ ತಂದ. ಜೊತೆಗೊಂದು ಷರತ್ತೂ ಬಂತು: ವ್ಯಾಪಾರ ಮುಗಿದ ಮೇಲೆ ಒಂದು ಟ್ರಕ್ಕೂ ಅಲ್ಲಿರಕೂಡದು.

ಪಕ್ಕದ ಬರ್ಗರ್ ಟ್ರಕ್ಕಿನವನಿಗೇನು, ಕೀಲಿ ತಿರುಗಿಸಿ ಮನೆಗೆ ಹೋದ. ನಮ್ಮ ಮನೆಗಳ ಸಾಲಿನಲ್ಲಿ ವ್ಯಾಪಾರದ ವಾಹನ ರಾತ್ರಿ ನಿಲ್ಲಿಸುವಂತಿಲ್ಲ. ಮಾರುವ ಹಿಟ್ಟನ್ನು ಬಾಡಿಗೆ ಮನೆಯೊಳಗೆ ಮಾಡಲು ಮನೆಯೊಡತಿ ಒಪ್ಪಲಿಲ್ಲ. ಕೊನೆಗೆ ಊರಾಚೆ ರೈತನೊಬ್ಬನ ತಗಡಿನ ಶೆಡ್ ಸಿಕ್ಕಿತು, ಅಲ್ಲಿ ಕರೆಂಟಿಲ್ಲ. ಪಾತ್ರೆಗೆ ಕಂಬಳಿ ಹೊದೆಸಿದೆ, ಬಿಸಿನೀರಿನ ಚೀಲ ಕಟ್ಟಿದೆ. ಆ ಚಳಿಗೆ ಹಿಟ್ಟು ರುಬ್ಬಿದಷ್ಟೇ ಇರುತ್ತಿತ್ತು. ಹೊಯ್ದರೆ ದೋಸೆಯಲ್ಲಿ ಒಂದು ತೂತೂ ಬೀಳುತ್ತಿರಲಿಲ್ಲ.

ಸರಿಹೋಗುತ್ತೆ ಎನ್ನಲು ಇಲ್ಲಿಯ ಜನ 'ಗ್ರ್ಯಾಂಡ್' ಎನ್ನುತ್ತಾರೆ, ನನ್ನ ಗಂಡನದೂ ಅದೊಂದೇ ಮಂತ್ರ: "ತಲೆ ಕೆಡಿಸ್ಕೋಬೇಡ್ವೇ, ಎಲ್ಲಾ ಗ್ರ್ಯಾಂಡ್ ಆಗುತ್ತೆ." ಕಾರ್ಕ್ ನಗರದ ಲ್ಯಾಬಿನಲ್ಲಿ ಬೆಚ್ಚಗೆ ಕೂತು ಕೆಲಸ ಮಾಡುವವರಿಗೆ ಎಲ್ಲವೂ ಗ್ರ್ಯಾಂಡೇ. ನಾನು ಹಿಟ್ಟಿನ ಪಾತ್ರೆಯನ್ನೇ ಎತ್ತಿಕೊಂಡು ಕೌನ್ಸಿಲ್ ಆಫೀಸಿಗೆ ಹೋದೆ.

ಅಧಿಕಾರಿ ಒಳ್ಳೆಯವನೇ, ಅದೇ ತೊಂದರೆ. ಜಗಳ ಆಡೋಣವೆಂದರೆ ಆಡಲು ಬಿಡುವುದಿಲ್ಲ. ಮುಚ್ಚಳ ತೆಗೆದು ತೋರಿಸಿದಾಗ ಬಗ್ಗಿ ನೋಡಿದ. "ರಾತ್ರಿಯೆಲ್ಲ ಅಲ್ಲೇ ನಿಂತರೆ ಅದು ವಾಹನವಲ್ಲ, ಕಟ್ಟಡ," ಎಂದ. ಚಕ್ರ ಇದೆಯಲ್ಲ ಎಂದೆ. ಚಕ್ರ ಇದ್ದರೆ ಸಾಲದು, ದಿನಾ ಉರುಳಬೇಕು ಎಂದ. ಹಾಗಾದರೆ ಬರೀ ಪಾತ್ರೆ ಮತ್ತು ಹೀಟರ್ ಬಿಟ್ಟು ಹೋಗಲೇ ಎಂದೆ. ಅಂಗಳದಲ್ಲಿ ಏನನ್ನೂ ಬಿಡುವಂತಿಲ್ಲ ಎಂದ. ಆಮೇಲೆ ತುಂಬ ಮೆದುವಾಗಿ ಕೇಳಿದ: "ಉಬ್ಬಬೇಕಾಗಿಲ್ಲದ್ದನ್ನು ಏನಾದರೂ ಮಾಡಬಹುದಲ್ಲ? ಚಿಪ್ಸ್?"

ನನಗೆ ಮೈಯೆಲ್ಲ ಉರಿದುಹೋಯಿತು.

ಈಗ ಚಿಪ್ಸೇ ಮಾಡುತ್ತೇನೆ. ಇಲ್ಲಿಯವರ ರೀತಿಯಲ್ಲಿ ಬೆರಳುದ್ದಕ್ಕೆ ಹೆಚ್ಚಿದ ಆಲೂಗಡ್ಡೆ ಕರಿದು ಮೇಲೆ ನಮ್ಮ ಚಟ್ನಿಪುಡಿ ಉದುರಿಸಿ ಕೊಡುತ್ತೇನೆ. ಜನ ಸಾಲುಗಟ್ಟಿ ನಿಲ್ಲುತ್ತಾರೆ. ಆ ಅಧಿಕಾರಿಯೂ ಬಂದು ತಿಂದು, ಹೊಗಳಿ ಹೋದ. ಕಾವಲಿ ಸೀಟಿನ ಹಿಂದೆ ತುಕ್ಕು ಹಿಡಿಯುತ್ತಿದೆ.

ಮೊನ್ನೆ, ಡನ್‌ಡಾಕ್ ಎಂಬ ಊರಿನಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗಿಯೊಬ್ಬಳು, ಇಲ್ಲಿಯ ಗೆಳತಿಯ ಮನೆಗೆ ಬಂದವಳು, ಗೇಟಿನ ಬೋರ್ಡ್ ನೋಡಿ ಅಂಗಳದೊಳಗೆ ಓಡಿಬಂದಳು.

"ಆಂಟಿ, ಒಂದ್ ಸೆಟ್ ದೋಸೆ ಕೊಡಿ."

"ದೋಸೆ ಇಲ್ಲಮ್ಮ, ಚಿಪ್ಸ್ ಇದೆ."

"ಮತ್ತೆ ಗೇಟಲ್ಲಿ ಹಾಕಿದೀರಲ್ಲ?"

"ಅದು ನಕ್ಷೆ ಜೊತೆ ಪಾಸಾಗಿರೋ ಬೋರ್ಡು. ತೆಗೀಬೇಕಂದ್ರೆ ಮತ್ತೆ ಪರ್ಮಿಷನ್ ತಗೋಬೇಕಂತೆ."

ತಮಾಷೆಯೆಂದುಕೊಂಡು ಅವಳು ನಕ್ಕಳು. ದುಡ್ಡು ಬೇಡವೆಂದು ಚಿಪ್ಸ್ ಕೊಟ್ಟೆ. ಕಿಟಕಿಯ ಮುಂದೆಯೇ ನಿಂತು ತಿಂದು, ಬೆರಳು ಚೀಪಿ, "ಸಖತ್ತಾಗಿದೆ ಆಂಟಿ, ದೋಸೆ ಯಾಕೆ, ಇದನ್ನೇ ಮಾಡಿ," ಎಂದಳು. ನನ್ನ ದೋಸೆಯನ್ನು ತಿಂದೇ ಇರದ ಹುಡುಗಿ. ನಾನು ಬೆನ್ನು ತಿರುಗಿಸಿ ಇನ್ನೊಂದು ಹಿಡಿ ಆಲೂಗಡ್ಡೆಯನ್ನು ಎಣ್ಣೆಗೆ ಬಿಟ್ಟೆ. ಸಿಟ್ಟಿಗೆ ಕಣ್ಣು ತುಂಬಿ ಬಂದಿತ್ತು.