ಬುತ್ತಿ ಬಸ್ಸಿನ ಚಾಚಾ

ವರ್ಷದ ಹನ್ನೆರಡು ತಿಂಗಳೂ ಅವರ ನಾಲಿಗೆ ನೇರಳೆ ಬಣ್ಣದ್ದಾಗಿರುತ್ತಿತ್ತು. ಹಣ್ಣು ತಿಂದು ಬಂದ ಬಣ್ಣವಲ್ಲ. ಆಗಿನ ಕಂಡಕ್ಟರುಗಳ ಕೈಯಲ್ಲಿ ಕಾಪಿಂಗ್ ಪೆನ್ಸಿಲ್ ಅಂತ ಒಂದಿರುತ್ತಿತ್ತು; ಅದರ ಮೊನೆಯನ್ನು ನಾಲಿಗೆಗೆ ತಾಗಿಸಿ ಬರೆದರೆ ಅಕ್ಷರ ನೇರಳೆಯಾಗಿ, ಗಟ್ಟಿಯಾಗಿ ಮೂಡುತ್ತಿತ್ತು. ನಮ್ಮ ಚಾಚಾ ಬರೆಯುವುದಿರಲಿ ಬಿಡಲಿ, ಮಾತಿಗೊಮ್ಮೆ ಅದನ್ನು ನೆಕ್ಕುತ್ತಿದ್ದರು. ಅವರು ಬಾಯಿ ತೆರೆದು ನಕ್ಕರೆಂದರೆ ಮುಂದಿನ ಸೀಟಿನ ಕೂಸುಗಳು ಅಳು ನಿಲ್ಲಿಸಿ ಪಿಳಿಪಿಳಿ ನೋಡುತ್ತಿದ್ದವು.

ಸವಣೂರಿನವರು. ಕೆಲಸ ಮಾತ್ರ ನಮ್ಮ ತಿಳವಳ್ಳಿಯ ವಸ್ತಿ ಬಸ್ಸಿನ ಮೇಲೆ. ರಾತ್ರಿ ನಮ್ಮೂರಲ್ಲೇ ಉಳಿದು, ನಸುಕಿನಲ್ಲಿ ಹೊರಟು, ಹಾನಗಲ್ಲ, ಹುಬ್ಬಳ್ಳಿ ಹಾದು ಊಟದ ಹೊತ್ತಿಗೆ ಧಾರವಾಡ ಮುಟ್ಟುವ ಬಸ್ಸು ಅದು. ಅದರಲ್ಲಿ ಜನರ ಜೊತೆಗೆ ಬುತ್ತಿಗಳೂ ಪ್ರಯಾಣ ಮಾಡುತ್ತಿದ್ದವು. ಧಾರವಾಡದಲ್ಲಿ ಖೋಲಿ ಹಿಡಿದು ಓದುವ, ಖಾನಾವಳಿಗೆ ಕೊಡಲಾಗದ ಹುಡುಗರಿಗೆ ಮನೆಯಿಂದ ಅವ್ವಂದಿರು ಕಟ್ಟಿ ಕಳಿಸುವ ಊಟ. ರೊಟ್ಟಿಪಲ್ಯದ ಗಂಟುಗಳನ್ನು ಚಾಚಾ ಡ್ರೈವರನ ಪಕ್ಕದ ಬಾನೆಟ್ ಮೇಲೆ ಇಡುತ್ತಿದ್ದರು. ಎಂಜಿನ್ನಿನ ಕಾವಿಗೆ ಅವು ಬೆಚ್ಚಗೆ ಬರುತ್ತಿದ್ದವು. ಮೊಸರಿನ ಡಬ್ಬಿಗಳಿಗೆ ಹಿಂದಿನ ಕಿಟಕಿಯ ಗಾಳಿ.

ಒಮ್ಮೆ ಹೊಸ ಡ್ರೈವರನೊಬ್ಬ ಗೊತ್ತಿಲ್ಲದೆ ಎಲ್ಲವನ್ನೂ ಬಾನೆಟ್ ಮೇಲೆ ಪೇರಿಸಿಬಿಟ್ಟ. ಹುಬ್ಬಳ್ಳಿ ದಾಟುವುದರೊಳಗೆ ಮೊಸರು ಹುಳಿಯೆದ್ದು, ಒಂದು ಮುಚ್ಚಳ ಹಾರಿ ಡ್ರೈವರನ ಟೋಪಿಗೇ ಬಡಿಯಿತು. “ಏ ಮಾರಾಯಾ, ಮೊಸರಬುತ್ತಿ ಅಂದ್ರ ಹಸಗೂಸಿದ್ದಂಗ. ಅದನ್ನ ಒಲಿ ಮ್ಯಾಲ ಮಲಗಿಸಿದೆಲ್ಲೋ!” ಎಂದು ಚಾಚಾ ಬೈದದ್ದನ್ನು ಧಾರವಾಡದ ಬಸ್‌ಸ್ಟ್ಯಾಂಡೇ ಕೇಳಿತು.

ನಾನು ಆ ಬುತ್ತಿಯ ಹುಡುಗರಲ್ಲಿ ಒಬ್ಬ. ಅಪ್ಪ ನಾಲ್ಕಾರು ಹಳ್ಳಿಗಳಲ್ಲಿ ಪೂಜೆ ಪುನಸ್ಕಾರ ಮಾಡಿಸುವ ಭಟ್ಟರು. ಮನೆಯಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿರಲಿಲ್ಲ, ಜೋಳಕ್ಕಿತ್ತು. ಬಿ.ಎ.ವರೆಗೆ ಕನ್ನಡದಲ್ಲೇ ಓದಿ, ಒಳ್ಳೆಯ ಅಂಕ ಬಂತೆಂದು ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರದ ಎಂ.ಎ.ಗೆ ಸೇರಿದ್ದೆ. ಎಪ್ಪತ್ತರ ದಶಕದ ಮಾತು. ನನ್ನ ಕ್ಲಾಸಿನಲ್ಲಿದ್ದವರು ಜಡ್ಜರ ಮಕ್ಕಳು, ಡಾಕ್ಟರರ ಮಕ್ಕಳು, ಮಾಮಲೇದಾರರ ಅಳಿಯ. ಅವರು ಸೀನಿದರೂ ಇಂಗ್ಲೀಷಿನಲ್ಲೇ ಸೀನಿದಂತೆ ನನಗೆ ಕೇಳುತ್ತಿತ್ತು.

ಏಕಾದಶಿಯ ದಿನ ನಮ್ಮ ಮನೆಯಿಂದ ಬುತ್ತಿ ಬರುತ್ತಿರಲಿಲ್ಲ. ಚಾಚಾ ಹಾನಗಲ್ಲದಲ್ಲಿ ಬಾಳೆಹಣ್ಣು ಕೊಂಡು ತಂದು ನನ್ನ ಕೈಗಿಡುತ್ತಿದ್ದರು. “ನಮ್ಮ ರೋಜಾ ವರ್ಷದಾಗ ಒಂದು ತಿಂಗಳಾ, ನಿಮ್ಮದು ಹದಿನೈದು ದಿನಕ್ಕೊಮ್ಮಿ. ಆದ್ರ ನಿನ್ನ ಮಾರಿ ನೋಡಿದ್ರ ವರ್ಷಾಪೂರ್ತಿ ರೋಜಾ ಹಿಡದಂಗ ಕಾಣತಿಯಲ್ಲೋ ಭಟ್ಟಾ!”

ಮುಖ ಬಾಡಿದ್ದು ಹಸಿವಿನಿಂದಲ್ಲ. ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ಒಂದು ವಿಷಯದ ಮೇಲೆ ಇಂಗ್ಲೀಷಿನಲ್ಲಿ ಮಾತಾಡಬೇಕಿತ್ತು. ನನ್ನದು, ಸುಗ್ಗಿಯಲ್ಲಿ ಧಾನ್ಯದ ಬೆಲೆ ಯಾಕೆ ಬೀಳುತ್ತದೆ ಎಂಬುದು. ಮೊದಲ ಸಲ ನಿಂತಾಗ ‘ರೆಸ್ಪೆಕ್ಟೆಡ್ ಸರ್’ ಎಂದವನು ಅಲ್ಲೇ ನಿಂತೆ. ಹುಡುಗರು ನಕ್ಕರು. ಪ್ರೊಫೆಸರರು ಒಳ್ಳೆಯವರು, ಮುಂದಿನ ವಾರ ಎಂದರು. ಮುಂದಿನ ವಾರವೂ ನನ್ನ ಬಾಯಿಂದ ಗಾಳಿಯಷ್ಟೇ ಬಂತು. ಇನ್ನೊಂದು ಅವಕಾಶ ಕೊಟ್ಟರು. ಅದಕ್ಕೆ ನಾನು ನಿಲ್ಲಲಿಲ್ಲ. ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ. ಓದು ಸಾಕು, ಅಪ್ಪನ ಹಿಂದೆ ದರ್ಭೆ ಹಿಡಿದು ಹೋಗುವುದೇ ಸೈ ಎಂದು ಗಟ್ಟಿ ಮಾಡಿಕೊಂಡಿದ್ದೆ.

“ಚಾಚಾ, ತಿಳವಳ್ಳಿ ಒಂದು ಕೊಡ್ರಿ.”

ಅವರು ನನ್ನನ್ನು ನೋಡಲಿಲ್ಲ, ಟ್ರಂಕನ್ನು ನೋಡಿದರು. “ಹಬ್ಬ ಯಾವುದೂ ಇಲ್ಲಲ್ಲ? ಯಾರರ ಹೊಡದ್ರೇನು?”

“ಇಲ್ರಿ.”

“ಬುತ್ತಿ ಹಳಸಿತ್ತೇನು?”

“ಇಲ್ರಿ ಚಾಚಾ. ಕ್ಲಾಸಿನ್ಯಾಗ ಎದ್ದು ನಿಂತು ಮಾತಾಡಬೇಕಂತ. ನನ್ನ ಬಾಯಿ ಬಿಡವಲ್ದು. ನಾ ಇನ್ನ ಹೊಳ್ಳಿ ಬರಂಗಿಲ್ರಿ.”

“ಹಂಗಾರ ನಿನಗ ಟಿಕೇಟಿಲ್ಲ.”

ಹಿಂದೆ ಕುಳಿತಿದ್ದ ಒಬ್ಬ ಅಜ್ಜಿ ಎದ್ದೇ ನಿಂತಳು. “ಕೊಡೋ ಕಂಡಕ್ಟರಪ್ಪಾ, ಹುಡುಗನ ಕಣ್ಣಾಗ ನೀರ ಬಂದಾವು.”

“ನೀ ಸುಮ್ನ ಕುಂಡ್ರಬೇ. ಇವನ ಬುತ್ತಿ ದಿನಾ ಹೊರೋನು ನಾನು. ಇಂವ ಊರಿಗಿ ಹೋಗಿ ಕುಂತಾ ಅಂದ್ರ ನಾ ಹೊತ್ತದ್ದೆಲ್ಲಾ ಹೊಳಿ ಪಾಲು.” ಆಮೇಲೆ ಪೆನ್ಸಿಲ್ ನೆಕ್ಕಿ ಯೋಚಿಸಿ, “ಹುಬ್ಬಳ್ಳಿ ತನಕ ಕೊಡತೇನಿ. ಆದ್ರ ಸೀಟಿಲ್ಲ. ಮುಂದ ರಾಡ್ ಹಿಡಕೊಂಡು ನಿಂದ್ರು. ಕ್ಲಾಸಿನ್ಯಾಗ ಏನ್ ಹೇಳೋದಿತ್ತೋ ಅದನ್ನ ಇವರಿಗೆ ಹೇಳು” ಎಂದರು.

ತುಂಬಿದ ಬಸ್ಸು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಬಸ್ಸು ಹೊರಟಿತು, ನನ್ನ ಬಾಯಿ ಹೊರಡಲಿಲ್ಲ. ಚಾಚಾ ಬಸ್ಸಿನ ತಗಡನ್ನು ಎರಡು ಸಲ ತಟ್ಟಿ, “ಬಿಡಪಾ ಗಾಡಿ!” ಎಂದು ನನಗೇ ಕೂಗಿದರು. ಜನ ನಕ್ಕರು, ನನಗೂ ನಗು ಬಂತು. ನಗುತ್ತಲೇ ಶುರುಮಾಡಿದೆ. ಎಲ್ಲರ ಮಾಲೂ ಒಮ್ಮೆಗೇ ಪೇಟೆಗೆ ಬಂದರೆ ಏನಾಗುತ್ತದೆ, ತಡೆದು ಮಾರುವ ತಾಕತ್ತು ಯಾರಿಗಿದೆ, ಯಾರಿಗಿಲ್ಲ ಎಂದು ಹೇಳುತ್ತಾ ಹೋದೆ. ಶಿಗ್ಗಾಂವಿಯ ಕಾಳಿನ ವ್ಯಾಪಾರಿಯೊಬ್ಬ ಸಿಟ್ಟಾಗಿ, “ಅಂದ್ರ ರೇಟ್ ಬೀಳಾಕ ನಾವ ಕಾರಣ ಅಂತೀಯೇನು?” ಎಂದ. ನಾನು ಬಾಯಿ ತೆರೆಯುವ ಮೊದಲೇ ಇಡೀ ಬಸ್ಸು “ಹೌದು!” ಎಂದಿತು. ಅಜ್ಜಿಯಂತೂ ಬಿಡಲೇ ಇಲ್ಲ. “ಬೆಳಿ ಬಂದ್ರ ರೇಟಿಲ್ಲ, ರೇಟ್ ಬಂದ್ರ ಬೆಳಿ ಇಲ್ಲ. ಇದಕ್ಕ ನಿಮ್ಮ ಸಾಲ್ಯಾಗ ಏನಂತಾರೋ ತಮ್ಮಾ?” ನಾನು ಅವಳಿಗೆ ಉತ್ತರ ಕೊಡುತ್ತಾ, ವ್ಯಾಪಾರಿಯ ಜೊತೆ ವಾದ ಹಾಕುತ್ತಾ ಇದ್ದಂತೆ ಹುಬ್ಬಳ್ಳಿ ಬಂದದ್ದೇ ತಿಳಿಯಲಿಲ್ಲ.

ಚಾಚಾ ಟ್ರಂಕನ್ನು ಕೆಳಗಿಳಿಸಿದರು. “ನಿನ್ನ ಟಿಕೇಟ್ ಮುಗೀತು. ಇಳಿ.”

“ಇದು ಕನ್ನಡದಾಗ ಆತ್ರಿ ಚಾಚಾ. ಅಲ್ಲೆ ಇಂಗ್ಲೀಷ್ ಬೇಕಲ್ಲ.”

“ಇಂಗ್ಲೀಷ್ ಕಲಸಾಕ ಅವರಿಗೆ ಪಗಾರ ಕೊಡತಾರ, ಕಲಸ್ತಾರ. ಬಾಯಿ ತಗಸೋದು ಅಷ್ಟ ನನ್ನ ಕೆಲಸಿತ್ತು.” ಎದುರಿಗೆ ಧಾರವಾಡದ ಬಸ್ಸು ನಿಂತಿತ್ತು. ಅದರ ಕಂಡಕ್ಟರನಿಗೆ ಕೂಗಿ ಹೇಳಿದರು: “ಈ ಮಾಲನ್ನ ಧಾರವಾಡದಾಗ ಇಳಸು. ನಡುವ ಜಿಗದ್ರ ನೀನ ಜವಾಬ್ದಾರ!”

ಕ್ಲಾಸಿನಲ್ಲಿ ಮೂರನೆಯ ಸಲ ನಿಂತಾಗಲೂ ಮಾತು ‘ರೆಸ್ಪೆಕ್ಟೆಡ್ ಸರ್’ಗೇ ನಿಂತಿತು. ಕೈ ತಾನಾಗಿ ಬೆಂಚನ್ನು ಎರಡು ಸಲ ತಟ್ಟಿತು. ಪ್ರೊಫೆಸರರು ಕನ್ನಡಕದ ಮೇಲಿಂದ ನೋಡಿ, ಎಂದೂ ಕನ್ನಡ ಆಡದವರು, “ಹೋಗಲಿಪಾ ಗಾಡಿ” ಎಂದರು. ಅವರೂ ಯಾವುದೋ ಹಳ್ಳಿಯ ಬಸ್ಸಿನಲ್ಲಿ ಬಂದವರೇ ಇದ್ದಿರಬೇಕು. ನನ್ನ ಹರಕು ಇಂಗ್ಲೀಷಿಗೆ ಹುಡುಗರು ನಕ್ಕರು. ಪ್ಯಾಸೆಂಜರು ಇಳಿಯುವ ತನಕ ಚಾಚಾ ಕಾಯುವಂತೆ ಆ ನಗು ಇಳಿಯುವ ತನಕ ಕಾದೆ, ಮತ್ತೆ ಮುಂದುವರಿದೆ. ಅಜ್ಜಿಯ ಪ್ರಶ್ನೆಯನ್ನೂ ಅವರ ಮುಂದಿಟ್ಟೆ. ಜಡ್ಜರ ಮಗ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ನನಗೆ ಪದವಿ ಕೊಡುವ ದಿನ ಚಾಚಾ ಬಸ್ಸಿನಿಂದ ಬರಿಗೈಯಲ್ಲಿ ಇಳಿದರು. “ಇವತ್ತ ಬುತ್ತಿ ತಂದಿಲ್ಲಪಾ, ಕಟ್ಟೋರನ್ನ ತಂದೇನಿ” ಎಂದು ಬದಿಗೆ ಸರಿದರು. ಅವರ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತಾ ನಮ್ಮವ್ವ ಇಳಿಯುತ್ತಿದ್ದಳು, ಧಾರವಾಡವನ್ನು ಮೊದಲ ಸಲ ನೋಡುತ್ತಾ.

ನಾನು ಹಿರೇಕೆರೂರಿನಲ್ಲಿ ಪಾಠ ಹೇಳುತ್ತಿದ್ದಾಗ, ಎಂಬತ್ತರ ದಶಕದ ಕೊನೆಗೆ, ಚಾಚಾ ತೀರಿಕೊಂಡ ಸುದ್ದಿ ಬಂತು. ಸವಣೂರಿಗೆ ಹೋಗಿ ಮಣ್ಣು ಹಾಕಿ, ಅಲ್ಲಿಂದ ಊರಿಗೆ ಬಂದೆ. ಊರಿನ ಸುದ್ದಿಯನ್ನೆಲ್ಲ ಮನೆಮನೆಗೆ ಮುಟ್ಟಿಸುತ್ತಿದ್ದ ಆ ಮನುಷ್ಯ ನಾನು ಓಡಿಬಂದ ಸುದ್ದಿಯೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಂದು ನಾನೇ ಅವ್ವನಿಗೆ ಎಲ್ಲವನ್ನೂ ಹೇಳಿದೆ.

ಅವ್ವ ಅಂದಳು: “ಅದಕ್ಕ ಅನ್ನು. ಒಂದಿನಾ ರಾತ್ರಿ ಬಸ್ ಇಳದಾಂವ ಸೀದಾ ನಮ್ಮ ಕಟ್ಟಿಗೆ ಬಂದಾ. ‘ಬಾಯಾರ, ನಾಳಿಂದ ಎರಡು ರೊಟ್ಟಿ ಹೆಚ್ಚಿಗಿ ಕಟ್ರಿ. ಹುಡುಗ ಭಾಳ ಮಾತಾಡಾಕತ್ತಾನ, ಹಸಿವಿ ಆಕ್ಕೈತಿ’ ಅಂದಾ. ಯಾಕ ಅಂತ ನಾ ಕೇಳಲಿಲ್ಲ. ಕಟ್ಟಿದೆ.”